ಹಿಂದಿನ ಭಾರದ ಇನಾಸ

ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಗಿ, ಹಗಲೆಲ್ಲ ಮರದ ಲಾರಿಗಳು ಓಡಾಡತೊಡಗಿದ ಕಾಲದಲ್ಲಿ ಪ್ರತಿ ಲಾರಿಗೂ ಮೂರು ಜನ ಇರುತ್ತಿದ್ದರು. ಓಡಿಸಲು ಡ್ರೈವರ್, ಒರೆಸಲು ಕ್ಲೀನರ್, ಹಿಂದೆ ನಿಲ್ಲಲು ಒಬ್ಬ ಆಳು. ಈ ಮೂರನೆಯವನ ಕೆಲಸವೇನು ಎಂದು ಹೊರಗಿನವರು ಕೇಳಿದರೆ ಉತ್ತರ ಹೇಳಲು ಸಂಕೋಚವಾಗುತ್ತದೆ. ಭಾರವಾಗಿರುವುದೇ ಅವನ ಕೆಲಸ. ದಿಮ್ಮಿ ಇಳಿಸಿ ಬರಿದಾದ ಲಾರಿ ಕಾಡಿನ ಕೆಸರು ದಾರಿ ಏರುವಾಗ ಹಿಂದಿನ ಗಾಲಿಗಳು ನಿಂತಲ್ಲೇ ಗಿರಗಿರ ತಿರುಗುತ್ತವೆ. ಆಗ ಡ್ರೈವರ್ ಕಿಟಕಿಯಿಂದ ತಲೆ ಹೊರಗೆ ಹಾಕಿ "ಹಿಂದ ಹೋಗೋ" ಎಂದು ಕೂಗುತ್ತಾನೆ. ಆ ಆಳು ಹೋಗಿ ಹಿಂದಿನ ಅಚ್ಚಿನ ಮೇಲೆ ಸರಿಯಾಗಿ ನಿಂತು ಕುಣಿಯಬೇಕು. ಗಾಲಿ ನೆಲ ಕಚ್ಚುತ್ತದೆ, ಲಾರಿ ಏರುತ್ತದೆ. ಒಬ್ಬ ಮನುಷ್ಯನ ತೂಕದಿಂದ ಲಾರಿಗೆ ಏನಾದೀತು ಎಂದು ವಾದ ಮಾಡುವವರು ಇನಾಸನನ್ನು ನೋಡಿರಲಿಕ್ಕಿಲ್ಲ.

ಇನಾಸ ಸಿದ್ದಿ ಜನದವನು, ಹಳಿಯಾಳ ತಾಲೂಕಿನ ಕಾಡಂಚಿನ ಒಂದು ಹಳ್ಳಿಯಿಂದ ಬಂದವನು. ಅಪ್ಪ ಕಾಡಿನಲ್ಲಿ ದಿಮ್ಮಿ ಎಳೆದು ಬೆನ್ನು ಬಗ್ಗಿಸಿಕೊಂಡಿದ್ದ. ಮಗನಿಗೂ ಅದೇ ಗತಿ ಎಂದು ಎಲ್ಲರೂ ತೀರ್ಮಾನ ಮಾಡಿ ಮುಗಿಸಿದ್ದರು. ಇನಾಸನ ಎತ್ತರ, ಅಗಲ ಎರಡೂ ಅಂಥವೇ. ಅವನು ಬಾಗಿಲಲ್ಲಿ ನಿಂತರೆ ಮನೆಯೊಳಗೆ ಕತ್ತಲಾಗುತ್ತಿತ್ತು. ಅಷ್ಟು ದೊಡ್ಡ ಮೈ ಇದ್ದವನಿಗೆ ತಲೆ ಇರಬೇಕಾದ ಅಗತ್ಯವಿಲ್ಲ ಎಂಬುದು ಮರದ ವ್ಯಾಪಾರಿಗಳ ನಂಬಿಕೆ. ಲಾರಿಯ ಹಿಂದೆ ಕುಣಿದು ಕುಣಿದು ಬೇಸತ್ತು, ಅವನು ದಾಂಡೇಲಿಯಲ್ಲಿ ಅಡಿವೆಯ್ಯ ಎಂಬವರ ಲಾರಿ ಗ್ಯಾರೇಜು ಸೇರಿಕೊಂಡ. ಅಲ್ಲಿ ತಗಡಿನ ಕೆಲಸ ಕಲಿತ. ನುಗ್ಗಾದ ಮಡ್‌ಗಾರ್ಡು ಬಡಿದು ಸರಿಮಾಡುವುದು, ತುಕ್ಕು ತಿಂದ ಜಾಗ ಕತ್ತರಿಸಿ ಹಳೆಯ ಎಣ್ಣೆ ಡ್ರಮ್ಮಿನ ತಗಡು ಹಚ್ಚುವುದು, ಇಂಥವು. ಕೆಲಸ ಅಷ್ಟೇನೂ ನಾಜೂಕಲ್ಲ, ಆದರೆ ಗಟ್ಟಿ. ಅವನು ಹಚ್ಚಿದ ತೇಪೆ ಲಾರಿ ಹೋದರೂ ಉಳಿಯುತ್ತದೆ ಎಂದು ಅಡಿವೆಯ್ಯ ಗಿರಾಕಿಗಳೆದುರು ಹೇಳುತ್ತಿದ್ದರು. ಹೊಗಳಿಕೆಯೋ ದೂರೋ, ಇನಾಸನಿಗೆ ತಿಳಿಯುತ್ತಿರಲಿಲ್ಲ.

ಆ ಗ್ಯಾರೇಜಿಗೆ ಅರವತ್ತಮೂರರ ಸುಮಾರಿಗೆ ಒಂದು ಕಾರು ಬಂತು. ಬಂತು ಎನ್ನುವುದಕ್ಕಿಂತ ಎಳೆದು ತಂದರು ಎನ್ನಬೇಕು. ಜೋಯಿಡಾ ಕಡೆಯ ಅದಿರಿನ ಗಣಿಯಲ್ಲಿದ್ದ ಒಬ್ಬ ಬಿಳಿಯ ಮ್ಯಾನೇಜರು ತನ್ನ ದೇಶಕ್ಕೆ ಹೋಗುವಾಗ ಬಿಟ್ಟುಹೋದ ಎರಡು ಸೀಟಿನ ಓಟದ ಕಾರು ಅದು. ತಲೆಯ ಮೇಲೆ ಮುಚ್ಚಿಗೆ ಇಲ್ಲ, ಮುಂದೆ ಉದ್ದ ಮೂತಿ, ಹಿಂದೆ ಬೋಳು ಗುಂಡನೆಯ ಬಾಲ. ಕೊಂಡವನು ಹಳಿಯಾಳದ ಮರದ ಗುತ್ತಿಗೆದಾರ ನಾಗಲಿಂಗಪ್ಪ ಸಾವ್ಕಾರರ ಮಗ ಶಿವಲಿಂಗಪ್ಪ. ಬೆಳಗಾವಿಯ ಕಾಲೇಜಿಗೆ ಹೋಗಿ, ಪಾಸಾಗುವ ಗೋಜಿಗೆ ಹೋಗದೆ ತಿರುಗಿ ಬಂದವನು. ಮಗನ ಹುಚ್ಚಿಗೆ ತಂದೆ ಗಂಟುಮೋರೆ ಹಾಕಿದರೂ ಬೇಡ ಎನ್ನಲಿಲ್ಲ. ಒಬ್ಬನೇ ಮಗ, ಕುಡಿಯುವ ಚಟವಿಲ್ಲ, ಬೀಡಿ ಸೇದುವುದಿಲ್ಲ, ಕಾರೊಂದನ್ನು ಓಡಿಸಿಕೊಂಡಿರಲಿ ಎಂದು ಸುಮ್ಮನಾದರು.

ಕಾರಿನ ಮೈ ಸರಿಮಾಡಿದವನು ಇನಾಸ. ಅಷ್ಟೂ ದಿನ ಶಿವಲಿಂಗಪ್ಪ ಗ್ಯಾರೇಜಿನಲ್ಲೇ ಒಂದು ಡಬ್ಬದ ಮೇಲೆ ಕೂತು ನೋಡುತ್ತಿದ್ದ. ನೋಡುತ್ತ ಮಾತಾಡುತ್ತಿದ್ದ. ಮಾತಾಡುತ್ತ ಜಗಳ ತೆಗೆಯುತ್ತಿದ್ದ. ಇನಾಸ ಸುತ್ತಿಗೆ ಕೆಳಗಿಟ್ಟು, "ಸಣ್ಣ ಸಾವ್ಕಾರ್ರ, ನೀವ ಬಡೀರಿ ಹಂಗಾರ" ಎನ್ನುತ್ತಿದ್ದ. ಹಾಗೆ ಅನ್ನುವಷ್ಟು ಸಲಿಗೆ ಇಬ್ಬರ ನಡುವೆ ಬೆಳೆದದ್ದು ಯಾವಾಗ ಎಂದು ಅವರಿಗೇ ಗೊತ್ತಿರಲಿಲ್ಲ.

ಕಾರು ಓಡಿತು. ಹಳಿಯಾಳದಿಂದ ತೇರಗಾಂವದ ಕಡೆಗಿನ ನೆಟ್ಟನೆಯ ರಸ್ತೆಯಲ್ಲಿ ಬೆಳಗಿನ ಹೊತ್ತು ಚಕ್ಕಡಿಗಳು ಬರುವ ಮುಂಚೆ ಶಿವಲಿಂಗಪ್ಪ ಅದನ್ನು ಬಿಟ್ಟು ನೋಡಿದ. ನಿಧಾನವಾಗಿ ಹೋದರೆ ಸಾಧು ದನ. ವೇಗ ಹೆಚ್ಚಿದಂತೆ ಹಿಂಭಾಗ ಹಗುರಾಗಿ, ಬಾಲ ಅತ್ತಿತ್ತ ಅಲೆಯತೊಡಗುತ್ತಿತ್ತು. ಇನ್ನೂ ಒತ್ತಿದರೆ ಹಿಂದಿನ ಗಾಲಿಗಳು ರಸ್ತೆಯ ಮೇಲಿವೆಯೋ ಇಲ್ಲವೋ ಎಂಬ ಅನುಮಾನ. ಒಂದು ಸಲ ಕಾರು ತಾನಾಗಿಯೇ ಅಡ್ಡ ತಿರುಗಿ ನಿಂತಿತು. ಶಿವಲಿಂಗಪ್ಪ ಇಳಿದು ಬೆವರು ಒರೆಸಿಕೊಂಡ.

ಬೇರೆ ಊರಿನವನಾಗಿದ್ದರೆ ಟಯರು ನೋಡುತ್ತಿದ್ದ, ಸ್ಪ್ರಿಂಗು ನೋಡುತ್ತಿದ್ದ. ಇವನು ಮರದ ವ್ಯಾಪಾರಿಯ ಮಗ. ಹಿಂದೆ ಹಗುರಾದ ಗಾಡಿಗೆ ಏನು ಮಾಡಬೇಕು ಎನ್ನುವುದು ಅವನಿಗೆ ಹುಟ್ಟಿನಿಂದಲೇ ಗೊತ್ತು. ಗ್ಯಾರೇಜಿಗೆ ಬಂದು ಹೇಳಿದ:

"ಇನಾಸ, ಹಿಂದ ಕೂಡ್ತೀಯೇನು?"

ಸೀಟುಗಳ ಹಿಂದೆ ಸಾಮಾನು ಇಡುವ ಸಣ್ಣ ಜಾಗವಿತ್ತು, ಸರಿಯಾಗಿ ಹಿಂದಿನ ಅಚ್ಚಿನ ಮೇಲೆ. ಇನಾಸ ಅಲ್ಲಿ ಒಂದು ಹಲಗೆ ಹಾಕಿ, ಹಿಡಿದುಕೊಳ್ಳಲು ಕಬ್ಬಿಣದ ಸರಳೊಂದನ್ನು ಬೆಸೆದು, ಮೊಣಕಾಲು ಮಡಚಿಕೊಂಡು ಕೂತ. ಅವನು ಕೂತ ಕೂಡಲೇ ಕಾರಿನ ಹಿಂಭಾಗ ಕುಸಿದು ಮೂತಿ ಮೇಲಾಯಿತು. ನೋಡುತ್ತಿದ್ದ ಅಡಿವೆಯ್ಯನವರು ನಗು ತಡೆಯಲಾಗದೆ ಒಳಗೆ ಹೋದರು. ಆದರೆ ನೆಟ್ಟನೆಯ ರಸ್ತೆಯಲ್ಲಿ ಬಾಲ ಅಲೆಯಲಿಲ್ಲ. ಕೆಲಸ ಆಯಿತಲ್ಲ, ನಗುವವರು ನಗಲಿ.

ಹೀಗೆ ಲಾರಿಯ ಹಿಂದೆ ಕುಣಿಯುವುದು ಬಿಟ್ಟ ಇನಾಸ ಕಾರಿನ ಹಿಂದೆ ಕೂರುವವನಾದ. ಹೇಳಿಕೊಳ್ಳುವಂಥ ಬಡ್ತಿ ಏನಲ್ಲ ಅನ್ನಿಸಬಹುದು. ಆದರೆ ಅವನಿಗೆ ಆ ಹಲಗೆಯ ಮೇಲೆ ಕೂತಾಗ ಆಗುತ್ತಿದ್ದ ಸಂತೋಷ ಜೀವನದಲ್ಲಿ ಬೇರೆಲ್ಲೂ ಆಗಿರಲಿಲ್ಲ. ಗಾಳಿ ಕಿವಿಯಲ್ಲಿ ಭೋರಿಡುತ್ತಿತ್ತು, ಎರಡೂ ಬದಿಯ ಗದ್ದೆಗಳು ಕರಗಿ ಒಂದಾಗುತ್ತಿದ್ದವು. ಅದಕ್ಕಿಂತ ಹೆಚ್ಚಿನದು ಶಿವಲಿಂಗಪ್ಪ ಹೆಗಲ ಮೇಲಿಂದ ಕೂಗುತ್ತಿದ್ದ ಮಾತು. "ಎದ್ದಿತೇನೋ ಬಾಲ?" "ಎದ್ದಿಲ್ರಿ." "ಇನ್ನೊಂದೀಟು ಬಿಡಲೇನು?" "ಬಿಡ್ರಿ." ಹಳಿಯಾಳದಲ್ಲಿ ಸಾವ್ಕಾರರ ಮನೆಗೆ ಹೋದರೆ ಇನಾಸ ಅಂಗಳದಲ್ಲೇ ನಿಲ್ಲಬೇಕು, ನೀರು ಬೇಕೆಂದರೆ ಮೇಲಿನಿಂದ ಸುರಿಯುತ್ತಾರೆ. ಕಾರಿನಲ್ಲಿ ಮಾತ್ರ ಅವನ ಮಾತಿಲ್ಲದೆ ವೇಗ ಏರುತ್ತಿರಲಿಲ್ಲ. ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೆಂಡತಿ ಮಾಗ್ದಲೀನಾಳಿಗೂ ಹೇಳಲಿಲ್ಲ, ಅವಳು ಮೊದಲೇ ಕಿಡಿಕಿಡಿಯಾಗಿದ್ದಳು.

"ಸಾವ್ಕಾರನ ಮಗಾ ಸತ್ತರ ಊರೆಲ್ಲಾ ಅಳತೈತಿ. ನೀ ಸತ್ತರ ನಾ ಒಬ್ಬಾಕಿ ಅಳಬೇಕು" ಎಂದಳು. ಕವದಿ ಹೊಲಿಯುತ್ತ ಕೂತಿದ್ದವಳು ಸೂಜಿ ನಿಲ್ಲಿಸಲಿಲ್ಲ, ಕಣ್ಣೂ ಎತ್ತಲಿಲ್ಲ.

ಮರುವರ್ಷ ಚಳಿಗಾಲದಲ್ಲಿ ಓಟಕ್ಕೆ ಹೋದರು. ಮರಾಠಿ ಸೀಮೆಯಲ್ಲಿ, ಯುದ್ಧದ ಕಾಲದಲ್ಲಿ ವಿಮಾನ ಇಳಿಯಲೆಂದು ಮಾಡಿ ಆಮೇಲೆ ದನ ಮೇಯಲು ಬಿಟ್ಟಿದ್ದ ಒಂದು ಬಯಲಿತ್ತು. ಅಲ್ಲಿ ವರ್ಷಕ್ಕೊಮ್ಮೆ ಕಾರು, ಮೋಟರ್‌ಸೈಕಲ್ಲುಗಳ ಓಟ. ಜೊತೆಗೊಬ್ಬ ಮೆಕ್ಯಾನಿಕ್ಕನ್ನು ಕೂರಿಸಿಕೊಳ್ಳಬಹುದಾಗಿತ್ತು. ಇನಾಸ ಮೆಕ್ಯಾನಿಕ್ಕಾಗಿ ಹಲಗೆಯ ಮೇಲೆ ಕೂತ. ನೆಟ್ಟನೆಯ ದಾರಿಯಲ್ಲಿ ಅವರ ಕಾರಿಗೆ ಸಾಟಿಯೇ ಇರಲಿಲ್ಲ. ಆಮೇಲೆ ದೊಡ್ಡ ತಿರುವು ಬಂತು. ಭಾರವಾದ ಹಿಂಭಾಗಕ್ಕೆ ತಿರುಗುವ ಮನಸ್ಸೇ ಬರಲಿಲ್ಲ, ಅದು ತನ್ನ ಪಾಡಿಗೆ ನೆಟ್ಟಗೆ ಹೋಗಲು ಹೊರಟಿತು. ಮೂತಿ ಒಳಗೆ ತಿರುಗಿತು, ಬಾಲ ಹೊರಗೆ ಬೀಸಿತು. ಕಾರು ಬುಗುರಿಯಂತೆ ಸುತ್ತಿ ಹುಲ್ಲಿನಲ್ಲಿ ಹಿಂದುಮುಂದಾಗಿ ನಿಂತಿತು. ಇನಾಸನ ಕೈಯಲ್ಲಿ ಕಬ್ಬಿಣದ ಸರಳು ಬಾಗಿತ್ತು. ಇಬ್ಬರಿಗೂ ಪೆಟ್ಟಾಗಲಿಲ್ಲ, ಅದು ದೇವರ ದಯೆ.

ಜನ ನಕ್ಕರು. ನಾಗಲಿಂಗಪ್ಪ ಸಾವ್ಕಾರರು ತಮ್ಮ ಜೀಪಿನಲ್ಲಿ ಬಂದವರು ನಗಲಿಲ್ಲ. ಮಗನ ಮೈ ತಡವಿ ನೋಡಿ, ಇನಾಸನ ಕಡೆ ತಿರುಗದೆ, ಮಗನಿಗೆ ಹೇಳಿದರು: "ಭಾರ ಬೇಕಂದ್ರ ಉಸುಕಿನ ಚೀಲ ಇಟ್ಕೊಳೋ. ಅದಕ್ಕ ಉಣ್ಣಾಕ ಹಾಕೂದು ಬ್ಯಾಡ." ಶಿವಲಿಂಗಪ್ಪ ಆಗಲೇ ಬಗ್ಗಿ ಕಾರಿನ ಗಾಲಿ ನೋಡುತ್ತಿದ್ದ. ಬಹುಶಃ ಮಾತು ಕಿವಿಗೆ ಬಿದ್ದಿರಲಿಲ್ಲ. ಇನಾಸನ ಕಿವಿಗೆ ಬಿತ್ತು, ಒಳಗೆ ಇಳಿಯಿತು, ಅಲ್ಲೇ ಉಳಿಯಿತು. ತಾನು ಆ ಕಾರಿನಲ್ಲಿ ಚೀಲವೋ ಮನುಷ್ಯನೋ ಎಂಬ ಪ್ರಶ್ನೆ ಅವನಿಗೆ ಅಲ್ಲಿಯ ತನಕ ಬಂದಿರಲಿಲ್ಲ. ಬಂದ ಮೇಲೆ ಹೋಗಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಶಿವಲಿಂಗಪ್ಪ ಮುಂಬಯಿಯಿಂದ ತರಿಸಿದ ಒಂದು ಮೋಟಾರು ಪತ್ರಿಕೆ ಹಿಡಿದುಕೊಂಡು ಗ್ಯಾರೇಜಿಗೆ ಓಡಿ ಬಂದ. ಅದರಲ್ಲಿ ಒಂದು ಓಟದ ಕಾರಿನ ಚಿತ್ರ. ಬಾಲದ ತುದಿಯಲ್ಲಿ ಒಂದು ತಗಡಿನ ಪಟ್ಟಿ ಅಡ್ಡಕ್ಕೆ, ಮೇಲ್ಮುಖವಾಗಿ ನಿಂತಿತ್ತು.

"ಇದಕ್ಕ ಸ್ಪಾಯ್ಲರ್ ಅಂತಾರ" ಎಂದ ಶಿವಲಿಂಗಪ್ಪ. "ಗಾಳಿ ಹರಿಯೋದನ್ನ ಕೆಡಸ್ತೈತಿ."

"ಕೆಡಿಸಿ ಏನು ಉಪಯೋಗ್ರಿ?"

ಶಿವಲಿಂಗಪ್ಪ ಒಂದು ಕಾಗದದ ಚೂರು ಹರಿದು ತುಟಿಯ ಕೆಳಗೆ ಹಿಡಿದು, ಅದರ ಮೇಲ್ಭಾಗಕ್ಕೆ ಜೋರಾಗಿ ಊದಿದ. ಜೋತುಬಿದ್ದಿದ್ದ ಕಾಗದ ಮೇಲೆದ್ದಿತು. ಊದಿದ್ದು ಮೇಲೆ, ಕೆಳಗಲ್ಲ, ಆದರೂ ಕಾಗದ ಎದ್ದಿತು. ಗುಂಡು ಬೆನ್ನಿನ ಮೇಲೆ ಗಾಳಿ ಜೋರಾಗಿ ಜಾರಿಕೊಂಡು ಹೋದಾಗ ಕಾರಿನ ಬಾಲವನ್ನೂ ಹೀಗೇ ಮೇಲಕ್ಕೆ ಎಳೆಯುತ್ತದೆ ಎಂದು ವಿವರಿಸಿದ. ಇನಾಸನಿಗೆ ಅದು ಅರ್ಥವಾಯಿತು. ಬೇಸಿಗೆಯ ಬಿರುಗಾಳಿಗೆ ಚಾವಣಿಯ ತಗಡು ಹಾರುವುದು ಹೀಗೆಯೇ, ಮೇಲಿನಿಂದ ಎಳೆದುಕೊಂಡಂತೆ. ಅದಕ್ಕೇ ಜನ ತಗಡಿನ ಮೇಲೆ ಕಲ್ಲು ಹೇರುತ್ತಾರೆ.

"ಈ ಪಟ್ಟಿ ಅಡ್ಡ ನಿಂತರ ಗಾಳಿ ಜಾರಾಕ ಆಗೂದಿಲ್ಲ. ಪಟ್ಟಿ ಮುಂದ ಒಟ್ಟಾಕ್ಕೈತಿ, ಬಾಲಾನ ಕೆಳಗ ಒತ್ತತೈತಿ. ಜೋರಾಗಿ ಹೋದಷ್ಟೂ ಜೋರಾಗಿ ಒತ್ತತೈತಿ. ತಿರುವಿನಾಗ ಎಳಿಯಾಕ ಭಾರಾನ ಇಲ್ಲ, ನೋಡು. ಬರೇ ಗಾಳಿ." ಶಿವಲಿಂಗಪ್ಪನ ಕಣ್ಣು ಹೊಳೆಯುತ್ತಿತ್ತು. "ಗಾಳೀನ ಹಿಂದ ಕೂಡಿಸಿದಂಗ. ಮಾಡ್ತೀಯೇನು?"

ಇನಾಸ ಚಿತ್ರವನ್ನು ತಿರುಗಿಸಿ ನೋಡಿದ. ಕಲ್ಲಿನ ಬದಲು ಗಾಳಿ ಕೂರುತ್ತದೆ ಎಂದರೆ ಕಲ್ಲನ್ನು ಇಳಿಸುತ್ತಾರೆ ಎಂದೇ ಅರ್ಥ. ಈ ಪಟ್ಟಿ ಸರಿಹೋದ ದಿನ ಅವನು ಹಲಗೆಯಿಂದ ಇಳಿಯಬೇಕು. ಸಣ್ಣ ಸಾವ್ಕಾರರಿಗೆ ಇದು ಹೊಳೆದಿಲ್ಲವೋ, ಹೊಳೆದೂ ಅವರಿಗೆ ಅದೊಂದು ದೊಡ್ಡ ವಿಷಯವಲ್ಲವೋ? ಎರಡರಲ್ಲಿ ಯಾವುದು ಎಂದು ಕೇಳಲು ಬಾಯಿ ಬರಲಿಲ್ಲ.

"ಮಾಡ್ತೇನ್ರಿ" ಎಂದ.

ಮನೆಯಲ್ಲಿ ಸುದ್ದಿ ಹೇಳಿದಾಗ ಮಾಗ್ದಲೀನಾಳಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು. "ನಿನ್ನ ಬದಲಿ ತಗಡು ಬರತೈತೇನು? ಹಂಗಾರ ಇವತ್ತ ಇಗರ್ಜಿಗೆ ಹೋಗಿ ಮೇಣಬತ್ತಿ ಹಚ್ಚಿ ಬರ್ತೇನಿ" ಎಂದಳು. ಗಂಡ ಉಣ್ಣದೆ ಎದ್ದದ್ದು ನೋಡಿ ಅವಳಿಗೆ ಸಿಟ್ಟು ಬಂತು. ಸಾವಿನಿಂದ ಪಾರಾದವನು ಹೀಗೆ ಮೋರೆ ಬಾಡಿಸಿಕೊಳ್ಳುವುದುಂಟೇ ಎಂದು ಪಕ್ಕದ ಮನೆಯ ತುಳಸಾಳ ಹತ್ತಿರ ಹೇಳಿಕೊಂಡಳು.

ಪಟ್ಟಿ ಮಾಡುವಾಗ ಇನಾಸ ಒಂದು ದೊಡ್ಡ ತಪ್ಪು ಮಾಡಿದ. ಬೇಕೆಂದೇ ಮಾಡಿದ್ದಲ್ಲ. ತನ್ನಂಥ ಆಳಿನ ಬದಲಿಗೆ ಬರುವ ತಗಡು ತನ್ನಷ್ಟಾದರೂ ಇರಬೇಡವೇ ಎಂಬುದು ಅವನ ಲೆಕ್ಕ. ಅಷ್ಟು ಸಣ್ಣ ಪಟ್ಟಿ ತನ್ನ ಕೆಲಸ ಮಾಡುತ್ತದೆ ಎಂದು ಒಪ್ಪಲು ಅವನ ಅಭಿಮಾನ ಬಿಡಲಿಲ್ಲ. ಅರ್ಧ ಡ್ರಮ್ಮನ್ನೇ ಕತ್ತರಿಸಿ, ಬಡಿದು ನೆಟ್ಟಗೆ ಮಾಡಿ, ಮೊಣಕಾಲೆತ್ತರದ ಗೋಡೆಯೊಂದನ್ನು ಬಾಲದ ಮೇಲೆ ನಿಲ್ಲಿಸಿಬಿಟ್ಟ. ಶಿವಲಿಂಗಪ್ಪನಿಗೂ ದೊಡ್ಡದಾದಷ್ಟೂ ಒಳ್ಳೆಯದು ಎಂದೇ ಅನ್ನಿಸಿತು. ಪತ್ರಿಕೆ ಓದಿದವನ ಬುದ್ಧಿಯೂ ಅಷ್ಟೇ.

ತೇರಗಾಂವದ ರಸ್ತೆಯಲ್ಲಿ ಬಿಟ್ಟರು. ಇನಾಸ ಎಂದಿನಂತೆ ಹಲಗೆಯ ಮೇಲಿದ್ದ. ವೇಗ ಏರಿದಂತೆ ಹಿಂಭಾಗ ನೆಲಕ್ಕೆ ಅಂಟಿಕೊಂಡಿತು, ಬಾಲ ಎದ್ದೇನು ಎನ್ನಲೇ ಇಲ್ಲ. ಇಬ್ಬರೂ ಕೇಕೆ ಹಾಕಬೇಕೆನ್ನುವಷ್ಟರಲ್ಲಿ ಶಿವಲಿಂಗಪ್ಪನ ಕೈಯಲ್ಲಿ ಸ್ಟೇರಿಂಗು ಖಾಲಿಯಾಯಿತು. ತಿರುಗಿಸಿದರೆ ತಿರುಗುತ್ತಿತ್ತು, ಕಾರು ಮಾತ್ರ ಮಾತು ಕೇಳುತ್ತಿರಲಿಲ್ಲ. ಹಿಂದಿನ ತುದಿಯನ್ನು ಅಷ್ಟು ಜೋರಾಗಿ ಒತ್ತಿದರೆ ಮುಂದಿನ ತುದಿ ಏಳುತ್ತದೆ ಎಂದು ಇಬ್ಬರಲ್ಲಿ ಒಬ್ಬನಿಗೂ ಹೊಳೆದಿರಲಿಲ್ಲ. ರಸ್ತೆ ಸ್ವಲ್ಪ ಬಲಕ್ಕೆ ಬಾಗಿದಲ್ಲಿ ಕಾರು ಬಾಗಲಿಲ್ಲ. ಬದು ಹಾರಿ, ಕೊಯ್ಲು ಮುಗಿದ ಗದ್ದೆಯಲ್ಲಿ ಓಡಿ, ಹೊಳೆವ್ವ ಎಂಬ ರೈತ ಹೆಂಗಸಿನ ಹುಲ್ಲಿನ ಬಣವೆಗೆ ಮೂತಿ ತುರುಕಿ ನಿಂತಿತು.

ಹೊಳೆವ್ವ ಕುಡುಗೋಲು ಹಿಡಿದುಕೊಂಡೇ ಬಂದಳು. "ನಿಮ್ಮಪ್ಪಗ ಹೇಳ್ತೇನಿ ತಡೀರಿ" ಎಂದು ಶಿವಲಿಂಗಪ್ಪನಿಗೂ, "ಇಷ್ಟ ದೊಡ್ಡ ಆಳ ಇದ್ದೀ, ಬುದ್ಧಿ ಹೇಳಬಾರ್ದೇನು" ಎಂದು ಇನಾಸನಿಗೂ ಸಮನಾಗಿ ಹಂಚಿದಳು. ತಲೆಯ ತುಂಬ ಹುಲ್ಲು ಸಿಕ್ಕಿಸಿಕೊಂಡು ಇಬ್ಬರೂ ಬಣವೆಯನ್ನು ಮತ್ತೆ ಒಟ್ಟಿಕೊಟ್ಟರು. ಒಟ್ಟುವುದು ಶಿವಲಿಂಗಪ್ಪನಿಗೆ ಬರುತ್ತಿರಲಿಲ್ಲ, ಅದಕ್ಕೂ ಅವಳಿಂದ ಬೈಸಿಕೊಂಡ. ಅವನು ನಕ್ಕ, ಇನಾಸನೂ ನಕ್ಕ. ನಕ್ಕ ಮೇಲೆ ಇನಾಸನಿಗೆ ಇನ್ನಷ್ಟು ಬೇಸರವಾಯಿತು, ಇಂಥ ದಿನಗಳು ಇನ್ನು ಹೆಚ್ಚು ಉಳಿದಿಲ್ಲವಲ್ಲ ಎಂದು.

ಮರುದಿನದಿಂದ ತಗಡನ್ನು ಕಡಿಮೆ ಮಾಡುತ್ತ ಬಂದರು. ಒಂದಿಷ್ಟು ಕತ್ತರಿಸುವುದು, ಓಡಿಸಿ ನೋಡುವುದು, ಮತ್ತೆ ಕತ್ತರಿಸುವುದು. ಗಾಳಿ ಕಣ್ಣಿಗೆ ಕಾಣುವುದಿಲ್ಲವಲ್ಲ, ಅದಕ್ಕೆ ಇನಾಸ ಮನೆಯಿಂದ ಮಾಗ್ದಲೀನಾ ಕವದಿಗೆಂದು ಕೂಡಿಟ್ಟಿದ್ದ ಬಟ್ಟೆಯ ಎಳೆಗಳನ್ನು ತಂದು, ಬಾಲದ ತುಂಬ ಮೇಣದಿಂದ ಅಂಟಿಸಿದ. ಕೆಂಪು, ಹಳದಿ, ಹಸಿರು. ಕಾರು ಓಡುವಾಗ ಅವನು ಹಿಂದಕ್ಕೆ ತಿರುಗಿ ಕೂತು ಅವುಗಳನ್ನೇ ನೋಡುತ್ತಿದ್ದ. ಪಟ್ಟಿ ಇಲ್ಲದಾಗ ಎಳೆಗಳು ಗುಂಡು ಬೆನ್ನಿಗೆ ಅಂಟಿ ಹರಿದು, ತುದಿಯಲ್ಲಿ ಕೆಳಮುಖವಾಗಿ ಜಾರುತ್ತಿದ್ದವು. ಪಟ್ಟಿ ಇದ್ದಾಗ ಅದರ ಮುಂದಿನ ಎಳೆಗಳು ಗೊಂದಲಕ್ಕೆ ಬಿದ್ದಂತೆ ನಿಂತಲ್ಲೇ ಸುಳಿಯುತ್ತಿದ್ದವು. ಅಲ್ಲಿ ಗಾಳಿ ತಡೆದು ನಿಂತಿದೆ ಎಂದರ್ಥ. ಇನ್ನೊಂದು ಲಾಭವೂ ಆಯಿತು. ಅಷ್ಟು ದಿನ ಕಾರಿನ ಹೊಗೆ, ರಸ್ತೆಯ ಧೂಳು ಎರಡೂ ಹಿಂದಿನಿಂದ ಸುತ್ತಿಕೊಂಡು ಬಂದು ಇನಾಸನ ಬೆನ್ನು, ಕುತ್ತಿಗೆಗೆ ಮೆತ್ತುತ್ತಿದ್ದವು. ಪಟ್ಟಿ ಬಂದ ಮೇಲೆ ಅವು ಅತ್ತಲೇ ಹೋದವು. ವೇಗದ ತುದಿ ಮಾತ್ರ ಒಂದಿಷ್ಟು ಕಡಿಮೆಯಾಯಿತು, ಗಾಳಿಗೆ ಅಡ್ಡ ನಿಂತ ಮೇಲೆ ಅದಕ್ಕೊಂದು ಬೆಲೆ ತೆರಲೇಬೇಕು. ತಿರುವಿನಲ್ಲಿ ಗಳಿಸುವುದು ಅದಕ್ಕಿಂತ ಹೆಚ್ಚು ಎಂದು ಶಿವಲಿಂಗಪ್ಪ ಹೇಳಿದ.

ಕೊನೆಗೆ ಪಟ್ಟಿ ಅಂಗೈ ಅಗಲಕ್ಕಿಂತ ಸಣ್ಣದಾಗಿ ಉಳಿಯಿತು. ಇನಾಸ ಅದನ್ನು ಕೈಯಲ್ಲಿ ಹಿಡಿದು ನೋಡಿದ. ನನ್ನ ಬೆಲೆ ಇಷ್ಟೇ ಅಂತಾಯಿತು ಎಂದುಕೊಂಡ.

ಓಟಕ್ಕೆ ಮುಂಚಿನ ವಾರ, ಕಡೆಯ ಸಲ ಪರೀಕ್ಷೆ ಮಾಡಿದರು. ನೆಟ್ಟನೆಯ ರಸ್ತೆಯ ತುದಿಯಲ್ಲಿ ಕಾರು ನಿಲ್ಲಿಸಿ ಶಿವಲಿಂಗಪ್ಪ ಹಿಂದಕ್ಕೆ ತಿರುಗಿದ.

"ಈಗ ಹೇಳು. ಸ್ಪ್ರಿಂಗ್ ಮ್ಯಾಲ ಕೂತಾಂವ ನೀ. ಬಾಲ ತಾನ ತಗ್ಗತೈತೋ, ನಿನ್ನ ಭಾರಕ್ಕ ತಗ್ಗತೈತೋ?"

ಇನಾಸ ಹಲಗೆಯ ಅಂಚು ಸವರಿದ.

"ನೀ ಇಲ್ದ ಪೂರಾ ಬಿಟ್ಟು ನೋಡಾಕ ನನಗ ಧೈರ್ಯ ಇಲ್ಲೋ. ಖರೇನ ಹೇಳ್ತೇನಿ. ನೀ ಬೇಕಂದ್ರ ನೀ ಕೂಡು, ಬ್ಯಾಡಂದ್ರ ಬ್ಯಾಡ. ನೀ ಹೇಳಿದಂಗ."

ಒಂದು ಮಾತು ಸಾಕಿತ್ತು. ನಾನು ಇರಬೇಕು ಎಂದರೆ ಮುಗಿಯಿತು, ಕೇಳುವವರೇ ಇರಲಿಲ್ಲ. ಹಲಗೆ ಅವನದೇ, ಗಾಳಿ ಅವನದೇ, ಹೆಗಲ ಮೇಲಿಂದ ಬರುವ ಮಾತೂ ಅವನದೇ. ಇನಾಸನ ನಾಲಿಗೆಯ ತುದಿಗೆ ಆ ಮಾತು ಬಂದೂ ಬಂತು. ಸುಳ್ಳು ಹೇಳಿದರೆ ಪಾಪ ಎಂಬ ವಿಚಾರವೇನೂ ಅವನನ್ನು ತಡೆಯಲಿಲ್ಲ. ತಡೆದದ್ದು ಆ ಹಿಂದಿನ ವರ್ಷದ ತಿರುವು. ವೇಗ ಹೆಚ್ಚಿದಾಗ ಹಲಗೆ ಅವನನ್ನು ಹೊತ್ತುಕೊಂಡು ಕೆಳಗಿಳಿಯುವುದು ಅವನಿಗೆ ಸ್ಪಷ್ಟವಾಗಿ ಗೊತ್ತಾಗಿತ್ತು, ಗಾಳಿ ಬಂದು ಪಕ್ಕದಲ್ಲಿ ಕೂತ ಹಾಗೆ. ಅದರ ಮೇಲೆ ತಾನೂ ಕೂತರೆ ಆ ತಿರುವಿನಲ್ಲಿ ಬಾಲವನ್ನು ಹೊರಗೆ ಎಳೆಯುವ ಭಾರ ತನ್ನದೇ ಆಗುತ್ತದೆ. ಈ ಹುಡುಗಬುದ್ಧಿಯ ಸಾವ್ಕಾರ ತನ್ನಿಂದಾಗಿ ಸಾಯುವುದು ಅವನಿಗೆ ಬೇಡವಾಗಿತ್ತು. ಅವನ ಮೇಲೆ ತಾನು ಅಷ್ಟು ಜೀವ ಇಟ್ಟುಕೊಂಡಿದ್ದು ಇನಾಸನಿಗೆ ಆಗಲೇ ತಿಳಿದದ್ದು.

"ನಾ ಬ್ಯಾಡ್ರಿ ಇನ್ನ" ಎಂದ.

"ಖರೇನ?"

"ಖರೇ ರೀ. ನಾ ಇದ್ದರ ತಿರುವಿನಾಗ ಕೆಡತೈತಿ."

ಶಿವಲಿಂಗಪ್ಪ ಮುಖ ಅರಳಿಸಿ, "ಚಲೋ ಆತು ಬಿಡು" ಎಂದು ಕಾರು ತಿರುಗಿಸಿದ. ದಾಂಡೇಲಿಗೆ ಬಂದ ಮೇಲೆ ಇನಾಸ ಹಲಗೆ ಕಿತ್ತ, ಬೆಸೆದ ಸರಳನ್ನು ಗರಗಸದಿಂದ ಕುಯ್ದು ತೆಗೆದ. ಆ ಜಾಗವನ್ನು ಉಜ್ಜಿ ನುಣುಪು ಮಾಡಿ ಬಣ್ಣ ಹಚ್ಚಿದ. ಚಲೋ ಆತು ಬಿಡು ಎಂದರಲ್ಲ, ಅಷ್ಟೇ ಅಲ್ಲವೇ ಮತ್ತೆ ಎಂದು ಕೆಲಸದುದ್ದಕ್ಕೂ ತನಗೆ ತಾನೇ ಹೇಳಿಕೊಂಡ. ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಗೊತ್ತಾಗದೆ ಬಣ್ಣದ ಡಬ್ಬಕ್ಕೆ ಒದ್ದ, ಅಡಿವೆಯ್ಯನವರಿಂದ ಬೈಸಿಕೊಂಡ.

ಓಟದ ದಿನ ಅವನು ಸಾಮಾನಿನ ಲಾರಿಯಲ್ಲಿ ಹೋದ. ಬಯಲಿನಲ್ಲಿ ಗಾಡಿಗಳನ್ನು ತಪಾಸಣೆ ಮಾಡುತ್ತಿದ್ದ ಒಬ್ಬ ಹಿರಿಯರು ಬಾಲದ ಪಟ್ಟಿ ಮುಟ್ಟಿ, ಇದೇನು ಎಂದು ಕೇಳಿದರು. ಶಿವಲಿಂಗಪ್ಪ ಹೆಲ್ಮೆಟ್ಟು ಹುಡುಕಲು ಹೋಗಿದ್ದ. ಪಕ್ಕದಲ್ಲಿ ನಿಂತಿದ್ದವನು ಇನಾಸ.

"ಏನು ಕೆಲಸ ಇದರದು?"

"ಹ್ವಾದ ವರ್ಷ ನಾ ಮಾಡ್ತಿದ್ನಲ್ರಿ, ಅದ ಕೆಲಸ."

ಹಿರಿಯರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು, ಪಟ್ಟಿಯನ್ನು ನೋಡಿದರು, ಮತ್ತೆ ಅವನನ್ನು ನೋಡಿದರು. ಸುತ್ತಲಿನವರು ನಕ್ಕರು. ಹಿಂದಿನ ವರ್ಷ ಸುತ್ತಿದ ಕಾರು ಇದೇ ಎಂದು ಯಾರೋ ನೆನಪು ಮಾಡಿಕೊಟ್ಟರು. ಹಿರಿಯರು ನಗಲಿಲ್ಲ. ಪಟ್ಟಿಯನ್ನು ಅಲುಗಾಡಿಸಿ ನೋಡಿ, ಗಟ್ಟಿ ಇದೆ ಎಂದು ಮುಂದೆ ಹೋದರು.

ಇನಾಸ ಆ ಕಾರು ಓಡುವುದನ್ನು ಹೊರಗೆ ನಿಂತು ನೋಡಿದ್ದು ಅದೇ ಮೊದಲು. ದೊಡ್ಡ ತಿರುವಿನ ಹತ್ತಿರ, ಹಗ್ಗ ಕಟ್ಟಿದ್ದ ಕಡೆ ಹೋಗಿ ನಿಂತ. ಮೊದಲ ಸುತ್ತಿಗೆ ಕಾರುಗಳು ಗುಂಪಾಗಿ ಬಂದವು. ತಮ್ಮದು ಎಷ್ಟು ಸಣ್ಣದು ಎಂದು ಆಶ್ಚರ್ಯಪಟ್ಟ, ಒಳಗೆ ಕೂತಾಗ ಹಾಗೆ ಅನ್ನಿಸಿರಲಿಲ್ಲ. ತಿರುವು ಬಂತು. ಇನಾಸನ ಕಾಲುಗಳು ತಾವಾಗಿ ಊರಿಕೊಂಡವು, ಮೈ ಬಲಕ್ಕೆ ವಾಲಿತು. ಪಕ್ಕದಲ್ಲಿದ್ದವರಿಗೆ ತಾಗಿ ಅವರು ಗುರುಗುಟ್ಟಿದರು. ಬಾಲ ಹೊರಗೆ ಬೀಸಲಿಲ್ಲ. ಒಂದು ಚೂರು ಜಾರಿದಂತಾಗಿ, ಯಾರೋ ಮೇಲಿನಿಂದ ಅಂಗೈಯಲ್ಲಿ ಒತ್ತಿ ಹಿಡಿದ ಹಾಗೆ ಕೂತುಕೊಂಡಿತು, ಕಾರು ತಿರುಗಿ ಹೋಯಿತು. ಪ್ರತಿ ಸುತ್ತಿಗೂ ಹಾಗೇ ಹೋಯಿತು. ಇನಾಸನ ಕಣ್ಣಲ್ಲಿ ನೀರು ಬಂತು. ಖುಷಿಗೆ ಬಂದದ್ದು ಎಂದು ಅವನು ಹೇಳುತ್ತಿದ್ದ. ಅರ್ಧ ಖುಷಿಗೆ, ಅರ್ಧ ಹೊಟ್ಟೆಕಿಚ್ಚಿಗೆ. ತನ್ನ ಕೈಯಾರೆ ಬಡಿದ ತಗಡಿನ ಮೇಲೆ ಹೊಟ್ಟೆಕಿಚ್ಚುಪಟ್ಟ ಮನುಷ್ಯ ನಮ್ಮ ತಾಲೂಕಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ.

ಶಿವಲಿಂಗಪ್ಪ ಎರಡನೆಯವನಾಗಿ ಬಂದ. ಜನ ಮುತ್ತಿಕೊಂಡರು. ನಾಗಲಿಂಗಪ್ಪ ಸಾವ್ಕಾರರು ಮಗನ ಕೊರಳಿಗೆ ಹಾರ ಹಾಕಿ, ಹಳಿಯಾಳದಲ್ಲಿ ಮೆರವಣಿಗೆ ಮಾಡಿಸುವ ಮಾತಾಡಿದರು. ತಾವೇ ಕಾರಿನಲ್ಲಿ ಮಗನ ಪಕ್ಕ ಕೂತು ಊರು ಹೊಗುವುದೆಂದು ಹೇಳಿ, ಜೀಪನ್ನು ಡ್ರೈವರನ ಕೈಗೆ ಕೊಟ್ಟರು. ಇನಾಸ ಅಷ್ಟು ಹೊತ್ತಿಗೆ ಜಾಕು, ಪಾನಾ, ಉಳಿದ ಟಯರುಗಳನ್ನೆಲ್ಲ ಹೇರಿ, ಲಾರಿಯ ಹಿಂದಿನ ಬಾಗಿಲು ಮುಚ್ಚುತ್ತಿದ್ದ.

ಗುಂಪು ಬಿಡಿಸಿಕೊಂಡು ಶಿವಲಿಂಗಪ್ಪ ಲಾರಿಯ ಹತ್ತಿರ ಬಂದ. ಮುಖವೆಲ್ಲ ಎಣ್ಣೆ ಮಸಿ.

"ಇಲ್ಲೇನ ಮಾಡ್ತೀ? ಬಾ, ಕಾರಿನ್ಯಾಗ ಕೂಡು. ಊರಿಗೆ ಹೋಗೂಣು."

"ಸಾವ್ಕಾರ್ರು ಕೂಡತಾರಂತ್ರಿ."

"ಅಪ್ಪಗ ಜೀಪ್ ಐತಿ."

ನಾಗಲಿಂಗಪ್ಪ ಸಾವ್ಕಾರರು ನಾಲ್ಕು ಹೆಜ್ಜೆ ದೂರದಲ್ಲೇ ನಿಂತಿದ್ದರು. ಇನಾಸ ಅವರನ್ನು ನೋಡಿದ, ಆಮೇಲೆ ನೆಲ ನೋಡಿದ.

"ನಾ ಲಾರ್ಯಾಗ ಬರ್ತೇನ್ರಿ. ಈಗ ಭಾರ ಬೇಕಾಗಿಲ್ಲಲ್ರಿ."

ಅಷ್ಟು ತಿಂಗಳು ಇನಾಸನ ಒಳಗೆ ಕುದಿಯುತ್ತಿದ್ದದ್ದು ಏನೆಂದು ಶಿವಲಿಂಗಪ್ಪನಿಗೆ ಹೊಳೆದದ್ದು ಆಗ. ಹೊಳೆದು ಮುಖ ಕೆಂಪಾಯಿತು.

"ಭಾರ ಬೇಕಂತ ಯಾರು ಕರದ್ರು?" ಎಂದ, ಸಿಟ್ಟು ಬಂದವನಂತೆ. "ನೀ ಬೇಕಂತ ಕರದೆ. ನಾ ಹತ್ತು ಅಂದ್ರ ನೀ ಹತ್ತಬೇಕು ಈಗ."

ಜೀಪಿನ ಬಾಗಿಲು ಧಡ್ಡೆಂದು ಮುಚ್ಚಿಕೊಂಡಿತು. ಸಾವ್ಕಾರರು ಒಳಗೆ ಕೂತಿದ್ದರು. ಇನಾಸ ಕೈಯಲ್ಲಿದ್ದ ಮಸಿಯನ್ನು ಚೊಣ್ಣಕ್ಕೆ ಒರೆಸಿಕೊಂಡು, ಕಾರಿನ ತನಕ ನಡೆದು ಬಂದು, ಮುಂದಿನ ಸೀಟಿನಲ್ಲಿ ಕೂತ. ಕಾರು ಅವನ ಬದಿಗೆ ವಾಲಿತು. ಶಿವಲಿಂಗಪ್ಪ ತನ್ನ ಕೊರಳಿನ ಹಾರ ತೆಗೆದು ಅವನ ತೊಡೆಯ ಮೇಲಿಟ್ಟು, ಗಾಡಿ ಬಿಟ್ಟ.